ಕೋಶಗಳನ್ನು ಬೈದಿದ್ದು ಸಾಕು, ಕೆಳಗಿನ ಗಾಜನ್ನು ನೋಡಿ: ನರಕೋಶ ಬೆಳೆಸಿದ ನನ್ನ 11 ತಿಂಗಳು

ಕೊನೆಗೂ ಮುಗಿಯಿತು. ಕಳೆದ ವಾರ ಕೊನೆಯ ಕವರ್‌ಸ್ಲಿಪ್‌ನ (ಕೋಶ ಬೆಳೆಸುವ ತೆಳ್ಳನೆಯ ಗಾಜಿನ ಬಿಲ್ಲೆ) ಫೋಟೋ ತೆಗೆದು ಮೈಕ್ರೋಸ್ಕೋಪ್ ಆರಿಸಿದೆ. ಕೆಲಸ ಕೇಳಲು ಸಣ್ಣದು. ಬೇರೆ ಬೇರೆ ಲೇಪ ಹಚ್ಚಿದ ಗಾಜಿನ ಮೇಲೆ ನರಕೋಶ ಹೇಗೆ ಬೆಳೆಯುತ್ತದೆ ಅಂತ ಹೋಲಿಸಿ ನೋಡುವುದು, ಅಷ್ಟೇ. ಮೂರು ತಿಂಗಳು ಸಾಕು ಅಂತ ಗೈಡ್ ಮುಂದೆ ಜಂಬದಿಂದ ಹೇಳಿದ್ದೆ. ಹಿಡಿದಿದ್ದು 11 ತಿಂಗಳು. ಅದರಲ್ಲಿ ಏಳು ತಿಂಗಳು ಕೋಶಗಳನ್ನೇ ಬೈಯುತ್ತಾ ಕಳೆದೆ. ಪಾಪ, ಅವುಗಳದ್ದೇನೂ ತಪ್ಪಿರಲಿಲ್ಲ.

ಈ ಕೆಲಸಕ್ಕೆ ಈಗ ಕೈ ಹಾಕುತ್ತಿರುವವರಿಗೆ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಪ್ರೊಟೊಕಾಲ್‌ನಲ್ಲಿ, ಅಂದರೆ ಪ್ರಯೋಗದ ವಿಧಾನ ಬರೆದ ಹಾಳೆಯಲ್ಲಿ, ಒಂದೇ ಸಾಲಿನಲ್ಲಿ 'ಲೇಪ ಹಚ್ಚಿ, ತೊಳೆಯಿರಿ' ಅಂತ ಇರುತ್ತದಲ್ಲ, ನನ್ನ ಅರ್ಧ ವರ್ಷ ಹೋಗಿದ್ದು ಆ ಸಾಲಿನೊಳಗೆ.

ಲೇಪ ಯಾಕೆ ಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಜಿನ ಮೇಲ್ಮೈಗೆ ಋಣ ಚಾರ್ಜ್. ಕೋಶದ ಹೊರಪೊರೆಗೂ ಋಣ ಚಾರ್ಜ್. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಎಷ್ಟೋ ಬಗೆಯ ಕೋಶಗಳು ತಾವೇ ಒಂದಿಷ್ಟು ಪ್ರೋಟೀನ್ ಸುರಿದುಕೊಂಡು ಹೇಗೋ ಅಂಟಿಕೊಳ್ಳುತ್ತವೆ. ನರಕೋಶ ಹಾಗಲ್ಲ, ಹಾಸಿ ಕೊಟ್ಟರೆ ಮಾತ್ರ ಕೂರುತ್ತದೆ. ಅದಕ್ಕೇ ನಡುವೆ ಧನ ಚಾರ್ಜ್ ಇರುವ ಒಂದು ಪದರ ಹಾಕುತ್ತೇವೆ. ಪಾಲಿ-ಡಿ-ಲೈಸಿನ್ ಅಂತ, ಚಿಕ್ಕದಾಗಿ ಪಿಡಿಎಲ್. ಮೇಲೆ ಕೋಶವನ್ನು, ಕೆಳಗೆ ಗಾಜನ್ನು ಹಿಡಿದು ನಿಲ್ಲುವ ದಲ್ಲಾಳಿ ಅಂದುಕೊಳ್ಳಿ.

ಶುರುವಾಗಿದ್ದು ಅರ್ಜಿಯಿಂದ. ಗರ್ಭಿಣಿ ಇಲಿಯಿಂದ 18 ದಿನದ ಭ್ರೂಣಗಳನ್ನು ತೆಗೆದು, ಮೆದುಳಿನ ಹಿಪೊಕ್ಯಾಂಪಸ್ ಭಾಗವನ್ನು ಬಿಡಿಸಿ, ಕೋಶಗಳನ್ನು ಬಿಡಿಬಿಡಿ ಮಾಡಿ ಬೆಳೆಸಬೇಕು. ಪ್ರಾಣಿ ಬಳಸುವುದರಿಂದ ನೀತಿ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಪ್ರಾಣಿ, ಯಾಕೆ ಅಷ್ಟು, ಇನ್ನೂ ಕಮ್ಮಿ ಮಾಡಲು ಆಗದಾ, ನೋವಾಗದ ಹಾಗೆ ಏನು ಮಾಡುತ್ತೀರಿ, ಎಲ್ಲ ಬರೆಯಬೇಕು. ಸರಿಯಾದ ಪ್ರಶ್ನೆಗಳೇ. ನಾನು ಪ್ರಯೋಗಕ್ಕೆ ಬೇಕಾದಷ್ಟನ್ನು ಮಾತ್ರ ಲೆಕ್ಕ ಹಾಕಿ ಬರೆದೆ. ಕಲಿಯುವಾಗ ಕೆಡುತ್ತದೆ ಅನ್ನುವ ಯೋಚನೆಯೇ ಬರಲಿಲ್ಲ. ಆರು ವಾರ ಕಾದು ಒಪ್ಪಿಗೆ ಸಿಕ್ಕಿತು. ಐದು ತಿಂಗಳಲ್ಲಿ ಆ ಸಂಖ್ಯೆ ಖಾಲಿಯಾಯಿತು. ಮತ್ತೆ ತಿದ್ದುಪಡಿ ಅರ್ಜಿ, ಮತ್ತೆ ಕಾಯುವುದು. ಅಭ್ಯಾಸಕ್ಕೆ ಎಷ್ಟು ಬೇಕು ಅನ್ನುವುದನ್ನು ಮೊದಲ ಅರ್ಜಿಯಲ್ಲೇ ಕಾರಣ ಸಮೇತ ಬರೆಯಿರಿ. ನಾನು ಬರೆಯದೆ ಕೆಟ್ಟೆ.

ಮೊದಲ ಸಲ ಕೋಶ ಹಾಕಿದ ದಿನ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪ್ಲೇಟ್ ತೆಗೆದು ನೋಡಿದೆ. ಒಂದಕ್ಕೂ ಕಾಲು, ಅಂದರೆ ಕೋಶ ಹೊರಗೆ ಚಾಚುವ ಎಳೆ, ಬಂದಿರಲಿಲ್ಲ. ಕಪ್ಪಾಗಿ, ಗುಂಡಗೆ, ಮೈ ತುಂಬ ಗುಳ್ಳೆ ಎದ್ದು ಮೀಡಿಯಂನಲ್ಲಿ (ಕೋಶಕ್ಕೆ ಕೊಡುವ ಪೋಷಕ ದ್ರವ) ತೇಲುತ್ತಿದ್ದವು. ಸೀನಿಯರ್ ಬರುವವರೆಗೂ ಇನ್‌ಕ್ಯುಬೇಟರ್ ಪಕ್ಕದಲ್ಲೇ ನಿಂತಿದ್ದೆ.

"ಅಕ್ಕಾ, ಎಲ್ಲಾ ಸತ್ತಿವೆ."

ಅವರು ಪ್ಲೇಟ್ ಕಡೆ ನೋಡಲೂ ಇಲ್ಲ. "ಪಿಡಿಎಲ್ ಎಷ್ಟು ಸಲ ತೊಳೆದೆ?"

"ಒಂದ್ಸಲ."

"ಹಾಗಾದ್ರೆ ಇನ್ನೇನಾಗುತ್ತೆ!"

ಗಾಜಿಗೆ ಅಂಟಿದ ಪಿಡಿಎಲ್ ಕೋಶವನ್ನು ಹಿಡಿಯುತ್ತದೆ. ಅಂಟದೆ ಉಳಿದಿದ್ದು ಬಿಡಿಯಾಗಿ ಮೀಡಿಯಂಗೆ ಸೇರಿ ಕೋಶದ ಪೊರೆಗೇ ಹತ್ತಿಕೊಳ್ಳುತ್ತದೆ, ಅದು ವಿಷ. ಒಂದೇ ಪದಾರ್ಥ, ಕೂತ ಜಾಗ ಬೇರೆ. ಅವತ್ತಿನಿಂದ ಶುದ್ಧ ಸ್ಟೆರೈಲ್ ನೀರಿನಲ್ಲಿ ನಾಲ್ಕು ಸಲ ತೊಳೆಯುತ್ತೇನೆ, ಪ್ರತಿ ಸಲ ಐದು ನಿಮಿಷ ಬಿಟ್ಟು. ಸಾಮಾನ್ಯವಾಗಿ ಮೂರು ಸಲ ಅಂತಾರೆ. ನನಗೆ ಹೆದರಿಕೆ, ಅದಕ್ಕೇ ನಾಲ್ಕು.

ಎರಡನೇ ಸಲ ಕೋಶಗಳು ಕೂತವು. ಮಾರನೇ ದಿನ ಸಣ್ಣ ಸಣ್ಣ ಕಾಲು ಚಾಚಿದ್ದವು. ಖುಷಿಗೆ ಎಲ್ಲರನ್ನೂ ಕರೆದು ತೋರಿಸಿದೆ. ನಾಲ್ಕನೇ ದಿನ ನೋಡಿದರೆ ಒಂದರ ಪಕ್ಕ ಒಂದು ಸರಿದುಕೊಂಡಿದ್ದವು. ಏಳನೇ ದಿನಕ್ಕೆ ಚಳಿಗೆ ಮುದುಡಿ ಕೂತವರ ಹಾಗೆ ಅಲ್ಲಲ್ಲಿ ಗುಡ್ಡೆ, ಗುಡ್ಡೆಯಿಂದ ಗುಡ್ಡೆಗೆ ಹಗ್ಗ ಎಳೆದ ಹಾಗೆ ದಪ್ಪ ದಪ್ಪ ಎಳೆ, ನಡುವೆಲ್ಲಾ ಬೋಳು ಗಾಜು. ಹತ್ತನೇ ದಿನ ಮೀಡಿಯಂ ಬದಲಾಯಿಸುವಾಗ ಇಡೀ ಹಾಳೆಯೇ ಕಿತ್ತುಕೊಂಡು ಬಂದು ಪೈಪೆಟ್ ತುದಿಗೆ ಸಿಕ್ಕಿಕೊಂಡಿತು.

ಇದರ ಅರ್ಥ ಈಗ ಗೊತ್ತು. ಕೋಶ ಕೋಶದ ನಡುವಿನ ಹಿಡಿತ ಕೋಶ ಗಾಜಿನ ನಡುವಿನ ಹಿಡಿತಕ್ಕಿಂತ ಜಾಸ್ತಿಯಾದರೆ ಗುಡ್ಡೆ ಕಟ್ಟುತ್ತವೆ. ಅಂದರೆ ಲೇಪ ತೆಳ್ಳಗಿದೆ, ಇಲ್ಲವೇ ಅಲ್ಲಲ್ಲಿ ಹರಿದಿದೆ ಅಂತ. ಆಗ ನನಗೆ ಇದು ಹೊಳೆಯಲೇ ಇಲ್ಲ. ಕೋಶಗಳನ್ನು ಬಿಡಿಸುವ ಎಂಜೈಮ್ ಜಾಸ್ತಿ ಆಯಿತಾ ಅಂತ ಅದನ್ನು ಕಮ್ಮಿ ಮಾಡಿದೆ. ಕೋಶ ಕಮ್ಮಿ ಹಾಕಿದೆನಾ ಅಂತ ದುಪ್ಪಟ್ಟು ಹಾಕಿದೆ. ಮೀಡಿಯಂ ಬದಲಾಯಿಸಿದೆ, ಅದಕ್ಕೆ ಸೇರಿಸುವ ಸಪ್ಲಿಮೆಂಟ್‌ನ ಹೊಸ ಬಾಟಲಿ ಒಡೆದೆ, ಇನ್‌ಕ್ಯುಬೇಟರ್‌ನ ಕಾರ್ಬನ್ ಡೈಆಕ್ಸೈಡ್ ಮೀಟರ್ ಮೇಲೂ ಅನುಮಾನ ಪಟ್ಟೆ. ಎರಡು ತಿಂಗಳಲ್ಲಿ ಐದು ವಿಷಯ ಬದಲಾಯಿಸಿದ್ದೆ, ಅದೂ ಒಂದೊಂದು ಸಲ ಎರಡೆರಡು ಒಟ್ಟಿಗೆ, ಹಾಗಾಗಿ ಯಾವುದರಿಂದ ಏನಾಯಿತು ಅಂತ ನೋಟ್‌ಬುಕ್ ತೆಗೆದು ನೋಡಿದರೂ ತಿಳಿಯುತ್ತಿರಲಿಲ್ಲ.

ಲೇಪದ ಮೇಲೆ ಅನುಮಾನ ಬರದೇ ಇದ್ದದ್ದಕ್ಕೆ ಒಂದು ಕಾರಣ ಇತ್ತು. ನಾನು ಅದನ್ನು 'ಪರೀಕ್ಷೆ' ಮಾಡಿದ್ದೆ! ನ್ಯೂರೋ-2ಎ ಅನ್ನುವ ಕೋಶ ಸಾಲನ್ನು (ಲ್ಯಾಬಿನಲ್ಲೇ ಮತ್ತೆ ಮತ್ತೆ ಬೆಳೆಸಿಕೊಂಡು ಬರುವ ಕೋಶಗಳು) ಆ ಕವರ್‌ಸ್ಲಿಪ್ ಮೇಲೆ ಹಾಕಿದ್ದೆ, ಚೆನ್ನಾಗಿ ಅಂಟಿದ್ದವು. ಲೇಪ ಸರಿ ಇದೆ ಅಂತ ನಾನೇ ಷರಾ ಬರೆದೆ. ಆದರೆ ಆ ಕೋಶಗಳು ಏನೂ ಹಚ್ಚದ ಬರೀ ಪ್ಲಾಸ್ಟಿಕ್‌ಗೂ ಅಂಟುತ್ತವೆ. ಪ್ರಾಣಿ ಬಳಸದೆ ಲೇಪ ಪರೀಕ್ಷಿಸಬೇಕು ಅಂದರೆ ಪಿಸಿ12 ಅನ್ನುವ ಇನ್ನೊಂದು ಕೋಶ ಸಾಲು ತೆಗೆದುಕೊಳ್ಳಿ. ಅವು ಬರೀ ಪ್ಲಾಸ್ಟಿಕ್ ಮೇಲೆ ಸರಿಯಾಗಿ ಕೂರುವುದಿಲ್ಲ. ಲೇಪ ಕೆಟ್ಟಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತವೆ.

ಗುಟ್ಟು ಗೊತ್ತಾಗಿದ್ದು ಒಂದು ಹನಿಯಿಂದ. ಒಂದು ಸಂಜೆ ಸುಮ್ನೆ, ಬೇಸರಕ್ಕೆ, ಡಬ್ಬಿಯಿಂದ ಹೊಸ ಕವರ್‌ಸ್ಲಿಪ್ ತೆಗೆದು ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತಿತು. ಗಾಜನ್ನು ಸ್ವಲ್ಪ ಓರೆ ಮಾಡಿದರೆ ಹಾಗೇ ಜಾರಿ ಅಂಚಿಗೆ ಬಂತು, ಹಿಂದೆ ಒದ್ದೆ ಗೆರೆ ಕೂಡ ಇಲ್ಲ. ಶುದ್ಧವಾದ ಗಾಜಿನ ಮೇಲೆ ನೀರು ಹೀಗೆ ನಿಲ್ಲುವುದಿಲ್ಲ, ತೆಳ್ಳಗೆ ಹರಡುತ್ತದೆ. ಅಂದರೆ ಗಾಜಿನ ಮೇಲೆ ಏನೋ ಜಿಡ್ಡು ಇದೆ. ನಾನು ಇಷ್ಟು ದಿನ ಪಿಡಿಎಲ್ ಹಚ್ಚಿದ್ದು ಜಿಡ್ಡಿಗೆ, ಗಾಜಿಗಲ್ಲ. ಡಬ್ಬಿ ಮೇಲೆ 'ಶುಚಿಗೊಳಿಸಿದ್ದು' ಅಂತ ಅಚ್ಚಾಗಿತ್ತು. ನಂಬಿದ್ದೆ.

ಅಲ್ಲಿಂದ ಆಸಿಡ್ ತೊಳೆತ ಶುರು. ಗಟ್ಟಿ ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸುವುದು, ಮಾರನೇ ದಿನ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುವುದು, ಆಮೇಲೆ 200 ಡಿಗ್ರಿ ದಾಟಿದ ಓವನ್‌ನಲ್ಲಿ ಗಂಟೆಗಟ್ಟಲೆ ಇಡುವುದು. ಕವರ್‌ಸ್ಲಿಪ್ ದಪ್ಪ ಒಂದು ಮಿಲಿಮೀಟರ್‌ನ ಆರೇಳನೇ ಒಂದು ಭಾಗ ಇರುತ್ತದೆ, ಒಂದಕ್ಕೊಂದು ಅಂಟಿಕೊಂಡರೆ ನಡುವೆ ಆಸಿಡ್ ಹೋಗುವುದೇ ಇಲ್ಲ. ಅದಕ್ಕೇ ಬಿಡಿಬಿಡಿಯಾಗಿ ನಿಲ್ಲಿಸುವ ಪಿಂಗಾಣಿ ಸ್ಟ್ಯಾಂಡ್ ಬೇಕು. ಒಂದು ಎಚ್ಚರಿಕೆ, ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ: ನೈಟ್ರಿಕ್ ಆಸಿಡ್ ಹತ್ತಿರ ಆಲ್ಕೋಹಾಲ್ ಆಗಲಿ ಅಸಿಟೋನ್ ಆಗಲಿ ಸುಳಿಯಬಾರದು, ಸೇರಿದರೆ ಸಿಡಿಯುತ್ತದೆ. ಲ್ಯಾಬಿನಲ್ಲಿ ನಾವು ಎಲ್ಲದಕ್ಕೂ 70% ಆಲ್ಕೋಹಾಲ್ ಚಿಮುಕಿಸುವವರು, ಕೈ ತಾನಾಗೇ ಆ ಬಾಟಲಿ ಕಡೆ ಹೋಗುತ್ತದೆ. ಹೊಗೆ ಹೀರಿಕೊಳ್ಳುವ ಫ್ಯೂಮ್ ಹುಡ್ ಒಳಗೇ ಮಾಡಿ, ಕೈಗವಸು ಕನ್ನಡಕ ಹಾಕಿ, ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ತೊಳೆದ ಗಾಜಿನ ಮೇಲೆ ಹನಿ ಬಿಟ್ಟರೆ ಬಿಟ್ಟ ತಕ್ಷಣ ಚಪ್ಪಟೆಯಾಗಿ ಅಂಚಿನವರೆಗೆ ಹರಡಿತು. ಆ ಹನಿಯನ್ನು ಎಷ್ಟು ಹೊತ್ತು ನೋಡಿದೆನೋ. ಅಳು ಬಂತು ಅಂದರೆ ನಗಬೇಡಿ. ಅಷ್ಟರಲ್ಲಿ ಎಷ್ಟು ಇಲಿಗಳು ಹೋಗಿದ್ದವು ಅನ್ನುವ ಲೆಕ್ಕ ನನ್ನ ನೋಟ್‌ಬುಕ್‌ನಲ್ಲೇ ಇತ್ತು. ಈ ಕೆಲಸದ ಖರ್ಚು ಅಂದರೆ ನನಗೆ ಅದೇ, ಬೇರೆ ಬಿಲ್ಲುಗಳು ಆಮೇಲೆ.

ಪಿಡಿಎಲ್ ಬಗ್ಗೆ ಕಲಿತದ್ದೂ ಇಲ್ಲೇ ಹೇಳುತ್ತೇನೆ. ಅದು ಲೈಸಿನ್ ಅನ್ನುವ ಅಮೈನೋ ಆಮ್ಲದ ಸರಪಳಿ. ಲೈಸಿನ್‌ಗೆ ಎಲ್ ಮತ್ತು ಡಿ ಅಂತ ಎರಡು ರೂಪ, ಬಲಗೈ ಎಡಗೈ ಇದ್ದ ಹಾಗೆ. ಕೋಶಗಳು ಬಿಡುವ ಎಂಜೈಮ್‌ಗಳು ಎಲ್ ರೂಪವನ್ನು ತಿಂದು ಹಾಕಬಲ್ಲವು, ಡಿ ರೂಪ ಅವಕ್ಕೆ ಜೀರ್ಣ ಆಗುವುದಿಲ್ಲ. ಎರಡು ಮೂರು ವಾರ ಬೆಳೆಸಬೇಕಾದರೆ ಡಿ ವಾಸಿ. ಸರಪಳಿಯ ಉದ್ದಕ್ಕೆ ತಕ್ಕ ಹಾಗೆ ಬಾಟಲಿಗಳು ಬೇರೆ ಬೇರೆ ಇರುತ್ತವೆ. ನಾನು ಬಳಸಿದ್ದು 70ರಿಂದ 150 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ಇರುವುದು. ಮೊದಲು ಬರೀ ನೀರಿನಲ್ಲಿ ಕರಗಿಸಿ ಒಂದು ಗಂಟೆ ಇಡುತ್ತಿದ್ದೆ. ಈಗ ಪಿಎಚ್ 8.5ರ ಬೋರೇಟ್ ಬಫರ್‌ನಲ್ಲಿ (ಪಿಎಚ್ ಏರುಪೇರಾಗದ ಹಾಗೆ ಹಿಡಿದಿಡುವ ದ್ರಾವಣ), ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂನಂತೆ, ರಾತ್ರಿಯಿಡೀ. ಆ ಪಿಎಚ್‌ನಲ್ಲಿ ಗಾಜಿನ ಋಣ ಚಾರ್ಜ್ ಜಾಸ್ತಿಯಾಗುತ್ತದೆ, ಲೈಸಿನ್‌ನ ಧನ ಚಾರ್ಜ್ ಹಾಗೇ ಇರುತ್ತದೆ, ಹಾಗಾಗಿ ಹಿಡಿತ ಗಟ್ಟಿ. ಇನ್ನೊಂದು, ಒಂದೇ ಟ್ಯೂಬ್ ಅನ್ನು ಹತ್ತು ಸಲ ಕರಗಿಸಿ ಹತ್ತು ಸಲ ಹೆಪ್ಪುಗಟ್ಟಿಸಬೇಡಿ. ಒಂದು ಸಲಕ್ಕೆ ಬೇಕಾದಷ್ಟನ್ನು ಸಣ್ಣ ಟ್ಯೂಬ್‌ಗಳಲ್ಲಿ ಹಂಚಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಲ್ಯಾಮಿನಿನ್ ಕಥೆ. ಪಿಡಿಎಲ್ ಬರೀ ಅಂಟು. ಲ್ಯಾಮಿನಿನ್ ಹಾಗಲ್ಲ, ದೇಹದೊಳಗೆ ಕೋಶಗಳ ಸುತ್ತ ನಿಜವಾಗಿ ಇರುವ ಪ್ರೋಟೀನ್. ಇಲಿಯ ಒಂದು ಬಗೆಯ ಗೆಡ್ಡೆಯಿಂದ ಇದನ್ನು ಬೇರ್ಪಡಿಸಿ 1979ರಲ್ಲಿ ಹೆಸರಿಟ್ಟರು, ಇವತ್ತಿಗೂ ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ಅದೇ ಗೆಡ್ಡೆಯದು. ಕೋಶದ ಮೇಲಿರುವ ಇಂಟೆಗ್ರಿನ್ ಅನ್ನುವ ಕೈಗಳು ಇದನ್ನು ಗುರುತಿಸಿ ಹಿಡಿಯುತ್ತವೆ, ಹಿಡಿದ ಸುದ್ದಿ ಒಳಗೆ ಮುಟ್ಟುತ್ತದೆ, ಆಕ್ಸಾನ್, ಅಂದರೆ ಸುದ್ದಿ ಹೊರಗೆ ಒಯ್ಯುವ ಉದ್ದನೆಯ ಎಳೆ, ಓಡಲು ಶುರು ಮಾಡುತ್ತದೆ.

ಆರ್ಡರ್ ಹಾಕಿ ಐದು ವಾರ ಕಾದೆ. ಪಾರ್ಸೆಲ್ ಬಂದಿದ್ದು ರಜೆಯ ಹಿಂದಿನ ದಿನ ಸಂಜೆ, ಸ್ವೀಕರಿಸಿದವರು ಮೇಜಿನ ಮೇಲಿಟ್ಟು ಮನೆಗೆ ಹೋದರು. ಮೂರು ದಿನ ಬಿಟ್ಟು ತೆರೆದರೆ ಒಣ ಮಂಜುಗಡ್ಡೆ ಪೂರ್ತಿ ಆವಿಯಾಗಿ, ವಯಲ್ ಕೋಣೆಯಷ್ಟೇ ಬೆಚ್ಚಗಿತ್ತು. ಮತ್ತೆ ಆರ್ಡರ್, ಮತ್ತೆ ಕಾಯುವುದು. ಹೆಪ್ಪುಗಟ್ಟಿದ ಸಾಮಾನು ಬರುವುದಿದ್ದರೆ ಸ್ವೀಕರಿಸುವವರಿಗೆ ಮೊದಲೇ ನಿಮ್ಮ ಫೋನ್ ನಂಬರ್ ಕೊಟ್ಟು, ಯಾವ ದಿನ ಬರುತ್ತದೆ ಅಂತ ವಿಚಾರಿಸುತ್ತಾ ಇರಿ.

ಎರಡನೇ ವಯಲ್ ಅನ್ನು ನಾನೇ ಕೆಡಿಸಿದೆ. ಅವಸರಕ್ಕೆ 37 ಡಿಗ್ರಿ ನೀರಿನಲ್ಲಿ ಇಟ್ಟು ಕರಗಿಸಿದೆ. ಬೇಗ ಬಿಸಿ ಮಾಡಿದರೆ ಲ್ಯಾಮಿನಿನ್ ಜೆಲ್ ಕಟ್ಟುತ್ತದೆ. ಪೈಪೆಟ್‌ನಲ್ಲಿ ಎಳೆದರೆ ಗೊಣ್ಣೆಯ ಹಾಗೆ ನೂಲು ನೂಲಾಗಿ ಬಂತು. ಐಸ್ ಮೇಲೆ ಅಥವಾ ಫ್ರಿಜ್‌ನಲ್ಲಿಟ್ಟು ನಿಧಾನಕ್ಕೆ ಕರಗಿಸಬೇಕು, ಎಷ್ಟು ಹೊತ್ತಾದರೂ ಸರಿ.

ಮೂರನೆಯದು ಸರಿಯಾಗಿ ಕರಗಿತು. ಮಿಲಿಲೀಟರ್‌ಗೆ 5 ಮೈಕ್ರೋಗ್ರಾಂ ಮಾಡಿ ಪಿಡಿಎಲ್ ಮೇಲೆ ಹಾಕಿದೆ. ಕೋಶ ತಯಾರಾಗುವ ಮೊದಲೇ ಲ್ಯಾಮಿನಿನ್ ಹೀರಿ ತೆಗೆದು ಹುಡ್‌ನ ಗಾಳಿಯಲ್ಲಿ ಪ್ಲೇಟ್ ತೆರೆದಿಟ್ಟು ಕೋಶ ಎಣಿಸಲು ಹೋದೆ. ಹತ್ತು ನಿಮಿಷದಲ್ಲಿ ಒಣಗಿತು. ಪಿಡಿಎಲ್ ಒಣಗಿದರೆ ಪರವಾಗಿಲ್ಲ, ಲ್ಯಾಮಿನಿನ್ ಒಣಗಿದರೆ ಅದರ ಆಕಾರ ಕೆಡುತ್ತದೆ, ಕೆಲಸ ಮಾಡುವುದಿಲ್ಲ. ಒಂದೇ ಪ್ಲೇಟ್‌ನಲ್ಲಿ ಅಂಚಿನ ವೆಲ್‌ಗಳು (ಪ್ಲೇಟ್‌ನ ಪುಟ್ಟ ಗುಳಿಗಳು) ಹಾಳು, ನಡುವಿನವು ಚೆನ್ನಾಗಿ. ಈಗ ಒಂದು ಕೈಯಲ್ಲಿ ಹೀರಿ ಇನ್ನೊಂದು ಕೈಯಲ್ಲಿ ಕೋಶ ಹಾಕುತ್ತೇನೆ, ಒಂದು ಸಲಕ್ಕೆ ನಾಲ್ಕೇ ವೆಲ್.

ಕಾಯುವ ವಾರಗಳಲ್ಲಿ ಹಳೆಯ ಪ್ರಬಂಧಗಳನ್ನು ಓದಿದೆ. ಅಮೆರಿಕದ ಜೀವವಿಜ್ಞಾನಿ ರಾಸ್ ಹ್ಯಾರಿಸನ್ 1907ರಲ್ಲಿ ಕಪ್ಪೆಯ ಭ್ರೂಣದ ನರದ ತುಣುಕನ್ನು ದುಗ್ಧರಸದ (ಲಿಂಫ್) ಹನಿಯಲ್ಲಿಟ್ಟು ನರದ ಎಳೆ ಬೆಳೆಯುವುದನ್ನು ಕಣ್ಣಾರೆ ನೋಡಿದರು. ಆ ರಸ ಹೆಪ್ಪುಗಟ್ಟಿದ್ದರಿಂದ ಎಳೆಗೆ ಹಿಡಿದುಕೊಳ್ಳಲು ಏನೋ ಸಿಕ್ಕಿತ್ತು. ಆಮೇಲೆ 1914ರಲ್ಲಿ ಅವರು ಜೇಡರ ಬಲೆಯ ನೂಲುಗಳನ್ನೇ ಹಾಸಿ, ಭ್ರೂಣದ ಕೋಶಗಳು ಆ ನೂಲು ಹಿಡಿದು ಸಾಗುವುದನ್ನು ತೋರಿಸಿದರು. ನೂರು ವರ್ಷದ ಹಿಂದೆಯೇ ಹಿಡಿಯಲು ಆಸರೆ ಬೇಕು ಅಂತ ಗೊತ್ತಿತ್ತು, ನಾನು ಮಾತ್ರ ಇನ್‌ಕ್ಯುಬೇಟರ್ ಮೀಟರ್ ನೋಡುತ್ತಾ ಕೂತಿದ್ದೆ.

ಎಂಟನೇ ತಿಂಗಳಿಗೆ ನಿಜವಾದ ಹೋಲಿಕೆ ಶುರುವಾಯಿತು. ಬರೀ ಗಾಜು, ಪಿಡಿಎಲ್, ಪಿಡಿಎಲ್ ಮೇಲೆ ಲ್ಯಾಮಿನಿನ್, ಪಾಲಿ-ಆರ್ನಿಥಿನ್ ಮೇಲೆ ಲ್ಯಾಮಿನಿನ್, ಪಾಲಿ-ಎಥಿಲೀನ್-ಇಮೈನ್. (ಈ ಎರಡು ಹೊಸ ಹೆಸರುಗಳೂ ಪಿಡಿಎಲ್ ಹಾಗೆ ಧನ ಚಾರ್ಜ್‌ನ ಅಂಟುಗಳೇ.) ಮೊದಲ ಸುತ್ತಿನಲ್ಲೇ ಎಡವಟ್ಟು. ಪ್ಲೇಟ್ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೆ, ಆಲ್ಕೋಹಾಲ್‌ನಲ್ಲಿ ಒರೆಸಿದಾಗ ಬರಹವೂ ಹೋಯಿತು. ಐದು ಪ್ಲೇಟ್, ಯಾವುದು ಯಾವುದೋ ದೇವರಿಗೇ ಗೊತ್ತು. ಈಗ ಮುಚ್ಚಳದ ಮೇಲಲ್ಲ, ಪ್ಲೇಟ್‌ನ ಬದಿಗೆ, ಅಳಿಸದ ಟೇಪ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ.

ಈ ಕೋಶಗಳ ಬೆಳವಣಿಗೆಗೆ ಐದು ಹಂತ ಅಂತ 1988ರಲ್ಲೇ ಗುರುತಿಸಿಟ್ಟಿದ್ದಾರೆ. ಕೂತ ಕೆಲವು ಗಂಟೆ ಸುತ್ತ ಅಂಚು ಚಾಚುತ್ತದೆ. ಒಂದು ದಿನದೊಳಗೆ ಒಂದೇ ಅಳತೆಯ ನಾಲ್ಕೈದು ಕಾಲು. ಒಂದೂವರೆ ದಿನಕ್ಕೆ ಅದರಲ್ಲೊಂದು ಇದ್ದಕ್ಕಿದ್ದ ಹಾಗೆ ಓಡುತ್ತದೆ, ಅದೇ ಆಕ್ಸಾನ್. ನಾಲ್ಕನೇ ದಿನದ ಹೊತ್ತಿಗೆ ಉಳಿದವು ಡೆಂಡ್ರೈಟ್, ಅಂದರೆ ಸುದ್ದಿ ಒಳಗೆ ತರುವ ಕವಲು, ಆಗಲು ಹೊರಡುತ್ತವೆ. ವಾರ ಕಳೆದ ಮೇಲೆ ಮಾಗುವುದು. ಇದು ತಲೆಯಲ್ಲಿದ್ದರೆ ಬೇಡದ ಗಾಬರಿ ಇರುವುದಿಲ್ಲ. ಮೊದಲ ದಿನ ಆಕ್ಸಾನ್ ಕಾಣಲಿಲ್ಲ ಅಂತ ಪ್ಲೇಟ್ ಎಸೆದ ಮೂರ್ಖ ನಾನೇ.

ನನಗೆ ಕಂಡಿದ್ದು ಇಷ್ಟು. ಬರೀ ಗಾಜಿನ ಮೇಲೆ ಏನೂ ಉಳಿಯಲಿಲ್ಲ. ಪಿಡಿಎಲ್ ಮೇಲೆ ಚೆನ್ನಾಗಿ ಕೂತವು, ಆದರೆ ನಿಧಾನ. ಲ್ಯಾಮಿನಿನ್ ಸೇರಿದ ಎರಡರಲ್ಲೂ ಆಕ್ಸಾನ್ ಬೇಗ ಹೊರಟಿತು, ಉದ್ದವೂ ಜಾಸ್ತಿ. ಪಾಲಿ-ಎಥಿಲೀನ್-ಇಮೈನ್ ಮೇಲೆ ಕೋಶ ಬಿಗಿಯಾಗಿ ಹಿಡಿದುಕೊಂಡಿತು, ಆದರೆ ಓಟದಲ್ಲಿ ಮುಂದಿರಲಿಲ್ಲ. ಜಾಸ್ತಿ ಅಂಟಿದರೆ ಜಾಸ್ತಿ ಬೆಳೆಯುತ್ತದೆ ಅಂತ ಅಂದುಕೊಂಡು ಹೊರಟವನು ನಾನು. ಹಾಗೇನಿಲ್ಲ. ಆಕ್ಸಾನ್‌ನ ತುದಿ ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ಲೇಪ ಬದಲಾಗುವ ಗಡಿಯ ಮೇಲೆ ಕೋಶ ಕೂತರೆ ಯಾವ ಕಾಲು ಆಕ್ಸಾನ್ ಆಗುತ್ತದೆ ಅನ್ನುವುದನ್ನೂ ಆ ಗಡಿ ತೀರ್ಮಾನಿಸಬಲ್ಲದು ಅಂತ 1999ರಲ್ಲೇ ತೋರಿಸಿದ್ದಾರೆ, ಪಾಲಿ-ಲೈಸಿನ್ ಮತ್ತು ಲ್ಯಾಮಿನಿನ್ ಪಟ್ಟೆಗಳನ್ನು ಬಳಸಿ. ನಮ್ಮ ಪ್ಲೇಟ್‌ನಲ್ಲಿ ಅಂಚು ಒಣಗಿದ ಲೇಪವೂ ಅಂಥದ್ದೇ ಗಡಿ ಅಲ್ವಾ, ಅದಕ್ಕೇ ಅಂಚಿನ ಕೋಶಗಳನ್ನು ನಾನು ಅಳೆಯಲೇ ಇಲ್ಲ.

ಅಳತೆಯಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಕೋಶಗಳನ್ನು ಫಿಕ್ಸ್ ಮಾಡಿ (ರಾಸಾಯನಿಕ ಹಾಕಿ ಇದ್ದ ಹಾಗೇ ನಿಲ್ಲಿಸಿ), ಬಣ್ಣ ಹಾಕಿ, ಹತ್ತಾರು ಸಲ ತೊಳೆಯುತ್ತೇವೆ. ಕೆಟ್ಟ ಲೇಪದ ಮೇಲಿನ ದುರ್ಬಲ ಕೋಶಗಳು ಆಗಲೇ ಕೊಚ್ಚಿ ಹೋಗುತ್ತವೆ. ಉಳಿದ ಗಟ್ಟಿಗರನ್ನು ಮಾತ್ರ ಅಳೆದರೆ ಸರಾಸರಿ ಚೆನ್ನಾಗೇ ಕಾಣುತ್ತದೆ! ನನ್ನ ಮೊದಲ ಗ್ರಾಫ್‌ನಲ್ಲಿ ಹಿಂದಿನ ತಿಂಗಳುಗಳ ಜಿಡ್ಡು ಗಾಜೇ ಗೆದ್ದಿತ್ತು. ಗೈಡ್ ಮೇಡಂ ಕನ್ನಡಕ ಮೇಲೇರಿಸಿ, "ಹಾಕಿದ್ದೆಷ್ಟು, ಉಳಿದದ್ದೆಷ್ಟು, ಅದನ್ನೂ ಬರೀರಿ" ಅಂದರು. ಅಷ್ಟೇ, ಗ್ರಾಫ್ ತಲೆಕೆಳಗಾಯಿತು. ಫೋಟೋಗಳ ಹೆಸರನ್ನು ಬೇರೆಯವರಿಂದ ಬದಲಾಯಿಸಿಕೊಂಡು, ಯಾವುದು ಯಾವುದು ಅಂತ ತಿಳಿಯದೆ ಅಳೆಯಿರಿ. ನನಗಂತೂ ಲ್ಯಾಮಿನಿನ್ ಅಂತ ಗೊತ್ತಿದ್ದರೆ ಎಳೆ ಇನ್ನೂ ಸ್ವಲ್ಪ ಉದ್ದ ಕಾಣುತ್ತಿತ್ತು.

ಪಕ್ಕದ ಲ್ಯಾಬಿನವರು ನಿನ್ನೆ ಬಂದು ಲೇಪ ಹಚ್ಚಿದ 24 ಕವರ್‌ಸ್ಲಿಪ್ ಕೇಳಿದರು. ನಾಳೆಗೇ ಬೇಕಂತೆ. ನಾಲ್ಕು ದಿನ ಆಗುತ್ತೆ ಅಂದೆ. ಬರೀ ಲೇಪಕ್ಕೆ ನಾಲ್ಕು ದಿನವಾ ಅಂದರು. ನಾನು ಏನೂ ಹೇಳಲಿಲ್ಲ, ಅವರ ಡಬ್ಬಿಯಿಂದಲೇ ಒಂದು ಕವರ್‌ಸ್ಲಿಪ್ ತೆಗೆದು ಒಂದು ಹನಿ ನೀರು ಬಿಟ್ಟು ತೋರಿಸಿದೆ. 24ನ್ನೂ ರಾತ್ರಿಯೇ ಆಸಿಡ್‌ಗೆ ಹಾಕಿದ್ದೇನೆ.